ಕೋವಿ ಇಳಿಸಿದ ಮೇಲೆ ಉಳಿದ ವಿದ್ಯೆ



ಬಾನುಲಿಯಲ್ಲಿ ಕಾಡನ್ನು ತೋರಿಸಲು ಬರುವುದಿಲ್ಲ, ಕೇಳಿಸಬಹುದು ಅಷ್ಟೆ. ಇವತ್ತಿನ ವಿಷಯಕ್ಕೆ ಅದು ಕೊರತೆಯೇನೂ ಅಲ್ಲ. ಜಿಂಕೆಯ ಬೆನ್ನು ಹತ್ತಿದವನು ಕಾಡಿನಲ್ಲಿ ಕಿವಿಗೊಡುವುದನ್ನೂ ಕಲಿಯಬೇಕು.

ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ ಕುಳಗಿ ಸಿಗುತ್ತದೆ. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇರುವ ಜಾಗ. ಚಳಿಗಾಲದ ಒಂದು ಬೆಳಗ್ಗೆ ಅಲ್ಲಿನ ವಾಚರ್ ಒಬ್ಬರ ಜೊತೆ ಕಾಡಿನ ದಾರಿಯಲ್ಲಿ ನಡೆಯುತ್ತಿದ್ದೆ. ತೇಗದ ಅಗಲ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಎಡಗಡೆಯ ಬಿದಿರುಮೆಳೆಯ ಆಚೆ ಒಂದು ಮುಸುವ ಗಂಟಲು ಕೆರೆದುಕೊಂಡಂತೆ ಕೂಗಿತು. ಅದರ ಬೆನ್ನಿಗೇ ಚುಕ್ಕೆ ಜಿಂಕೆಯ ಕೀರಲು ದನಿ, ಮತ್ತೆ ಮತ್ತೆ. ವಾಚರ್ ಕೈಯೆತ್ತಿ ನಿಂತರು. ನಾನೂ ನಿಂತೆ. ಕೂಗು ಬಲಕ್ಕೆ ಸರಿಯಿತು, ಇನ್ನಷ್ಟು ಬಲಕ್ಕೆ ಸರಿದು ನಿಂತಿತು. "ಚಿರತೆ ದಾರಿ ದಾಟಿತು" ಎಂದರು. ನಮ್ಮ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ನೂರು ಹೆಜ್ಜೆ ಮುಂದೆ ಹೋದಾಗ ಒದ್ದೆ ಮಣ್ಣಿನ ಮೇಲೆ ಹಸಿ ಹೆಜ್ಜೆಗಳಿದ್ದವು, ಎಡದಿಂದ ಬಲಕ್ಕೆ.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. "ನಮ್ಮ ಅಜ್ಜ ಶಿಕಾರಿಯವ" ಎಂದರು. ಅಜ್ಜನ ಕಿವಿ ಮೊಮ್ಮಗನಿಗೆ ಬಂದಿತ್ತು, ಅಜ್ಜನ ಕೋವಿ ಬಂದಿರಲಿಲ್ಲ. ಜಿಂಕೆ ಬೇಟೆಯಲ್ಲಿ ಗೆಲ್ಲುತ್ತಿದ್ದವನ ಅಭ್ಯಾಸಗಳೇನು, ಜಾಣ್ಮೆಯೇನು, ಬೇಟೆ ನಿಂತ ಮೇಲೆ ಆ ಜಾಣ್ಮೆ ಏನಾಗಬೇಕು ಎಂಬುದೇ ಇವತ್ತಿನ ನನ್ನ ಮಾತು.

ಬೇಟೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜವಿನೋದಗಳ ನಡುವೆ ಮೃಗಯೆಗೂ ಒಂದು ಭಾಗವಿದೆ. ಮಲೆನಾಡಿನ ಹಳ್ಳಿಗಳಲ್ಲಿ ಬೇಟೆಗೆ ಅದರದೇ ಮಾತುಗಳಿದ್ದವು. ಹತ್ತಾರು ಜನ ಹಳುವನ್ನು ಬಡಿದು ಪ್ರಾಣಿಗಳನ್ನು ಎಬ್ಬಿಸಿ ಓಡಿಸುವುದು ಸೋವು. ಒಬ್ಬನೇ ಮರೆಯಲ್ಲಿ ಉಸಿರು ಬಿಗಿಹಿಡಿದು ಕಾಯುವುದು ಮರಸು. ಸೋವಿಗೆ ಜನಬಲ ಸಾಕಿತ್ತು. ಮರಸಿಗೆ ಮಾತ್ರ ವಿದ್ಯೆ ಬೇಕಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಕುಳಗಿಯ ಸುತ್ತಣ ಕಾಡಿಗಂತೂ ಇನ್ನೂ ಹೆಚ್ಚಿನ ಕಾವಲಿದೆ. ದಾಂಡೇಲಿ ಅಭಯಾರಣ್ಯ ಆದದ್ದು 1956ರಲ್ಲಿ. 2007ರಲ್ಲಿ ಅದೂ ಅಣಶಿ ರಾಷ್ಟ್ರೀಯ ಉದ್ಯಾನವೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅಲ್ಲಿ ಹರಿಯುವ ನದಿಯ ಹೆಸರನ್ನೇ ಪಡೆದು ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎನಿಸಿಕೊಂಡಿತು. ಇಂಥ ಪ್ರದೇಶದಲ್ಲಿ ಬೇಟೆಯಾಡಿ ಮೊದಲ ಸಲ ತಪ್ಪಿತಸ್ಥರಾದವರಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸೆರೆವಾಸ. ಆದ್ದರಿಂದ ಇಲ್ಲಿಂದ ಮುಂದೆ ನಾನು ಗೆಲುವು ಎಂದಾಗ, ಜಿಂಕೆಯನ್ನು ಬೆದರಿಸದೆ ಹತ್ತಿರದಿಂದ ಕಂಡು ಬರುವುದು ಎಂದೇ ತಿಳಿಯಬೇಕು.

ಯಾರನ್ನು ಹುಡುಕುತ್ತಿದ್ದೇವೆ ಎಂಬುದು ಮೊದಲು ಗೊತ್ತಿರಬೇಕು. ಗುಂಪಾಗಿ ಬಯಲಂಚಿನಲ್ಲಿ ಮೇಯುವುದು ಚುಕ್ಕೆ ಜಿಂಕೆ. ಭಾರತದ ಜಿಂಕೆಗಳಲ್ಲೆಲ್ಲ ದೊಡ್ಡದು ಕಡವೆ. ಬಲಿತ ಗಂಡು ಇನ್ನೂರು ಕಿಲೋ ದಾಟುತ್ತದೆ. ಒಂಟಿಯಾಗಿ ಅಥವಾ ಎರಡು ಮೂರರ ಸಣ್ಣ ಗುಂಪಿನಲ್ಲಿ, ಹೆಚ್ಚಾಗಿ ಇರುಳಿನಲ್ಲಿ ಓಡಾಡುತ್ತದೆ. ನಾಯಿಯ ಹಾಗೆ ಬೊಗಳುವುದು ಕಾಡುಕುರಿ. ಇವುಗಳ ಜೊತೆಗೆ ಬರ್ಕ ಇದೆ, ಮೂರು ಕಿಲೋ ತೂಗುವ, ಕೊಂಬೇ ಇಲ್ಲದ ಪುಟ್ಟ ಪ್ರಾಣಿ. ಇಲಿಜಿಂಕೆ ಎಂದು ಕರೆದರೂ ಅದು ಜಿಂಕೆಯ ಕುಲದ್ದಲ್ಲ, ಅದರದು ಬೇರೆಯೇ ಹಳೆಯ ಮನೆತನ. ಒಂದೊಂದರ ಜಾಗ ಬೇರೆ, ಹೊತ್ತು ಬೇರೆ, ಅಂಜಿಕೆ ಬೇರೆ. 'ಜಿಂಕೆ' ಎಂಬ ಒಂದೇ ಪದ ಹಿಡಿದು ಕಾಡಿಗೆ ಹೋದವನಿಗೆ ಯಾವುದೂ ಸಿಗುವುದಿಲ್ಲ.

ಮೊದಲ ಪಾಠ ಗಾಳಿಯದು. ಜಿಂಕೆ ಕಣ್ಣಿಗಿಂತ ಹೆಚ್ಚಾಗಿ ಮೂಗನ್ನು ನಂಬುತ್ತದೆ. ಕಂಡದ್ದನ್ನು ಅನುಮಾನಿಸಿ ಇನ್ನೊಮ್ಮೆ ನೋಡೀತು, ಮನುಷ್ಯನ ವಾಸನೆ ಬಂತೋ ಎರಡನೆಯ ಯೋಚನೆಯಿಲ್ಲದೆ ಓಡುತ್ತದೆ. ಹಳೆಯ ಶಿಕಾರಿಗಳು ಚಿಟಿಕೆ ಬೂದಿ ಉದುರಿಸಿ ಗಾಳಿ ಯಾವ ಕಡೆಗಿದೆ ಎಂದು ನೋಡಿಯೇ ಹೆಜ್ಜೆಯಿಡುತ್ತಿದ್ದರು. ಕಾಳಿ ಕಣಿವೆಯಂಥ ಏರಿಳಿತದ ನೆಲದಲ್ಲಿ ಗಾಳಿಗೂ ಒಂದು ದಿನಚರಿ ಇದೆ. ರಾತ್ರಿಯೆಲ್ಲ ತಣಿದು ಭಾರವಾದ ಗಾಳಿ ಮುಂಜಾನೆ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತದೆ. ಬಿಸಿಲೇರಿ ನೆಲ ಕಾದಂತೆ ಅದೇ ಗಾಳಿ ಕಣಿವೆಯಿಂದ ಮೇಲಕ್ಕೆ ಏರುತ್ತದೆ. ಹಾಗಾಗಿ ನಸುಕಿನಲ್ಲಿ ತಗ್ಗಿನಿಂದ ಮೇಲಕ್ಕೆ ನಡೆದರೆ ಜಿಂಕೆಯ ಕಡೆಯ ಗಾಳಿ ನಮ್ಮತ್ತ ಬರುತ್ತದೆ. ಹೊತ್ತೇರಿದ ಮೇಲೆ ಅದೇ ದಾರಿಯಲ್ಲಿ ಹತ್ತಿದರೆ ನಮಗಿಂತ ಮೊದಲು ನಮ್ಮ ವಾಸನೆಯೇ ಮೇಲೆ ಮುಟ್ಟಿರುತ್ತದೆ. ಎರಡು ಗಂಟೆಯ ಅಂತರದಲ್ಲಿ ಒಂದೇ ದಾರಿ ಸರಿಯಿದ್ದದ್ದು ತಪ್ಪಾಗುತ್ತದೆ.

ಎರಡನೆಯದು ಹೆಜ್ಜೆ. ಜಿಂಕೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಕತ್ತು ತಿರುಗಿಸದೆಯೇ ಬೆನ್ನ ಹಿಂದಿನ ಸ್ವಲ್ಪ ಭಾಗ ಬಿಟ್ಟು ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಆದರೆ ಆ ಕಣ್ಣು ಮುಖ್ಯವಾಗಿ ಹಿಡಿಯುವುದು ಚಲನೆಯನ್ನು. ಅಲುಗಾಡದೆ ನಿಂತವನನ್ನು ಮರದ ಬೊಡ್ಡೆಯೆಂದೇ ಅದು ಎಷ್ಟೋ ಸಲ ಬಿಟ್ಟುಬಿಡುತ್ತದೆ. ಬಣ್ಣದ ವಿಷಯದಲ್ಲೂ ಒಂದು ಗುಟ್ಟಿದೆ. ಅಮೆರಿಕದ ಬಿಳಿಬಾಲದ ಜಿಂಕೆಗಳ ಕಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವುಗಳಿಗೆ ಕೆಂಪು, ಕಿತ್ತಳೆ ಸರಿಯಾಗಿ ಕಾಣದು, ನೀಲಿ ಚೆನ್ನಾಗಿ ಕಾಣುತ್ತದೆ ಎಂದು ಕಂಡುಕೊಂಡಿದ್ದಾರೆ. ನೀಲಿ ಜೀನ್ಸ್ ತೊಟ್ಟು ಕಾಡಿಗೆ ಬರುವವರು ಇದನ್ನು ನೆನಪಿಟ್ಟುಕೊಳ್ಳಲಿ. ಒಳ್ಳೆಯ ಶಿಕಾರಿಯ ನಡಿಗೆ ಹೇಗಿತ್ತೆಂದರೆ, ನಾಲ್ಕು ಹೆಜ್ಜೆ ನಡೆದು ನಾಲ್ಕು ನಿಮಿಷ ನಿಲ್ಲುತ್ತಿದ್ದ. ಜಿಂಕೆ ಮೇಯಲು ತಲೆ ತಗ್ಗಿಸಿದಾಗ ಕಾಲೆತ್ತುತ್ತಿದ್ದ, ಅದು ತಲೆ ಎತ್ತುವ ಮೊದಲೇ ನಿಂತಿರುತ್ತಿದ್ದ.

ಮೂರನೆಯದು ನಾನು ಆಗಲೇ ಹೇಳಿದ ಕಿವಿ. ಚುಕ್ಕೆ ಜಿಂಕೆಗೂ ಮುಸುವಕ್ಕೂ ಇರುವ ನಂಟು ಈ ಕಾಡಿನ ಸೊಗಸುಗಳಲ್ಲೊಂದು. ಮುಸುವ ಮೇಲಿನಿಂದ ಚಿಗುರು, ಕಾಯಿ ಉದುರಿಸುತ್ತದೆ, ಜಿಂಕೆ ಕೆಳಗೆ ಆರಿಸಿ ತಿನ್ನುತ್ತದೆ. ಮುಸುವಕ್ಕೆ ದೂರದ ನೋಟ, ಜಿಂಕೆಗೆ ಹತ್ತಿರದ ವಾಸನೆ. ಒಂದರ ಎಚ್ಚರ ಇನ್ನೊಂದಕ್ಕೆ ಕಾವಲು. ಆದರೂ ಎಲ್ಲ ಕೂಗಿಗೂ ಒಂದೇ ತೂಕವಿಲ್ಲ. ಗುಂಪಿನಲ್ಲಿರುವ ಚುಕ್ಕೆ ಜಿಂಕೆ ಬೇಗ ಗಾಬರಿಯಾಗುತ್ತದೆ. ಒಂದೆರಡು ಸಲ ಕೂಗಿ ಸುಮ್ಮನಾದರೆ ಹೆಚ್ಚೇನೂ ಇರಲಾರದು. ಕಡವೆ ಸುಮ್ಮಸುಮ್ಮನೆ ಬಾಯಿ ತೆರೆಯುವುದಿಲ್ಲ. ಅದು ಮುಂಗಾಲು ನೆಲಕ್ಕೆ ಅಪ್ಪಳಿಸಿ, ಬಾಲ ನಿಮಿರಿಸಿ 'ಢಾಂಕ್' ಎಂದು ಕಣಿವೆ ಮೊಳಗುವಂತೆ ಮತ್ತೆ ಮತ್ತೆ ಕೂಗಿತೆಂದರೆ ಅಲ್ಲೆಲ್ಲೋ ಹುಲಿಯೋ ಚಿರತೆಯೋ ಇದೆ ಎಂದು ಅನುಭವಸ್ಥರು ನಂಬುತ್ತಾರೆ.

ನಾಲ್ಕನೆಯದು ನೆಲವನ್ನು ಓದುವುದು. ಜಿಂಕೆಯ ಗೊರಸು ಎರಡು ಎಸಳಿನ ಚೂಪು ಗುರುತು ಬಿಡುತ್ತದೆ. ಕಾಡುಹಂದಿಯದೂ ಎರಡು ಎಸಳೇ, ಆದರೆ ಮೆತ್ತನೆ ನೆಲದಲ್ಲಿ ಅದರ ಹಿಂದೆ ಅಕ್ಕಪಕ್ಕ ಇನ್ನೆರಡು ಚುಕ್ಕೆಗಳು ಒತ್ತಿರುತ್ತವೆ. ಎಸಳು ಕೂಡಿಕೊಂಡಿದ್ದರೆ ಪ್ರಾಣಿ ನಿರಾಳವಾಗಿ ನಡೆದಿದೆ. ಎಸಳು ಬಿರಿದು ಮಣ್ಣು ಹಿಂದಕ್ಕೆ ಎರಚಿದ್ದರೆ ಓಡಿದೆ. ಗುರುತಿನ ಅಂಚು ಕುಸಿದಿದೆಯೇ, ಒಳಗೆ ಇಬ್ಬನಿ ಕೂತಿದೆಯೇ, ಮೇಲೆ ಜೇಡ ನೂಲೆಳೆದಿದೆಯೇ ಎಂಬುದರಿಂದ ಅದು ನಿನ್ನೆಯದೋ ಈಗಿನದೋ ತಿಳಿಯುತ್ತದೆ. ಹಿಕ್ಕೆ ಹೊಳೆಯುತ್ತಿದ್ದರೆ ಹಸಿ, ಮಂಕಾಗಿದ್ದರೆ ಹಳತು. ಎಳೆ ಮರದ ತೊಗಟೆ ಸುಲಿದಿದ್ದರೆ ಗಂಡು ಕೊಂಬು ತಿಕ್ಕಿದೆ ಎಂದರ್ಥ.

ಐದನೆಯದು ಮರಗಳ ಪರಿಚಯ. ನವೆಂಬರಿನಿಂದ ನೆಲ್ಲಿಕಾಯಿ ಬಲಿತು ಉದುರುವ ಕಾಲದಲ್ಲಿ ಜಿಂಕೆ ಹುಡುಕಲು ಕಾಡೆಲ್ಲ ಅಲೆಯಬೇಕಿಲ್ಲ, ನೆಲ್ಲಿ ಮರ ಎಲ್ಲಿದೆ ಎಂದು ಗೊತ್ತಿದ್ದರೆ ಸಾಕು. ಜಿಂಕೆಗಳು ಕಾಯನ್ನು ಇಡಿಯಾಗಿ ನುಂಗಿ, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಗೊರಟವನ್ನು ಉಗುಳುತ್ತವೆ. ಹೀಗೆ ನೆಲ್ಲಿಯ ಬೀಜ ತಾಯಿಮರದಿಂದ ದೂರ ಹೋಗಿ ಬೀಳುತ್ತದೆ. ಮಲಗುವ ಜಾಗದಲ್ಲಿ ನೆಲ್ಲಿ ಗೊರಟ ಕಂಡ ಶಿಕಾರಿಗೆ ಜಿಂಕೆಯ ವಿಳಾಸ ಸಿಕ್ಕಿದ ಹಾಗೆ. ನಮಗೆ ಅದರಿಂದ ಇನ್ನೊಂದು ದೊಡ್ಡ ಮಾತು ತಿಳಿಯುತ್ತದೆ: ಇಂದು ಜಿಂಕೆ ಇಲ್ಲವಾದರೆ ನಾಳೆಯ ನೆಲ್ಲಿ ಮರಗಳೂ ಕಡಿಮೆಯಾಗುತ್ತವೆ.

ಈ ಐದೂ ವಿದ್ಯೆ ಮನುಷ್ಯನ ಸ್ವಂತ ಗಳಿಕೆಯೆಂದು ಬೀಗಬೇಕಾಗಿಲ್ಲ. ಜಿಂಕೆ ಬೇಟೆಯ ನಿಜವಾದ ಪಂಡಿತರು ಕಾಡಿನಲ್ಲಿ ಈಗಲೂ ಇದ್ದಾರೆ. ಹುಲಿ ಪೊದೆಯ ಮರೆ ಹಿಡಿದು ತೀರಾ ಹತ್ತಿರ ಬಂದ ಮೇಲಷ್ಟೇ ಎರಗುತ್ತದೆ. ಹಾಗಿದ್ದೂ ಅದರ ಹೆಚ್ಚಿನ ಪ್ರಯತ್ನಗಳು ಸೋಲುತ್ತವೆ. ಸೀಳುನಾಯಿಗಳು ಹಗಲಲ್ಲೇ, ಸಿಳ್ಳಿನಂಥ ದನಿಯಲ್ಲಿ ಒಂದನ್ನೊಂದು ಕರೆದುಕೊಳ್ಳುತ್ತ ಗುಂಪಾಗಿ ಅಟ್ಟುತ್ತವೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮೆಲ್ವಿನ್ ಸನ್‌ಕ್ವಿಸ್ಟ್ ಅವರ ಜೊತೆ ನಾಗರಹೊಳೆಯಲ್ಲಿ ಮಾಡಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ ಸುಮಾರು 91 ಕಿಲೋ, ಸೀಳುನಾಯಿಯದು 43, ಚಿರತೆಯದು 37. ಮೂವರೂ ಒಂದೇ ಕಾಡಿನಲ್ಲಿ ಬಾಳುವುದಕ್ಕೆ ಈ ಪಾಲುಗಾರಿಕೆಯೂ ಒಂದು ಕಾರಣ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಪ್ರಾಣಿ ಬೇಕು, ಅದಕ್ಕೆ 500ರಷ್ಟು ಪ್ರಾಣಿಗಳ ಸಂಪತ್ತು ಕಾಡಿನಲ್ಲಿರಬೇಕು ಎಂಬುದು ತಜ್ಞರ ಲೆಕ್ಕ. ಕುಳಗಿಯ ಕಾಡಿನಲ್ಲಿ ಕದ್ದು ಹೊಡೆದ ಒಂದೊಂದು ಕಡವೆಯೂ ಹುಲಿಯ ತಟ್ಟೆಯಿಂದ ಕಿತ್ತುಕೊಂಡ ಅನ್ನ.

ಕದ್ದು ಹೊಡೆಯುವವರಲ್ಲಿ ಜಾಣ್ಮೆಯಾದರೂ ಇದೆಯೇ ಎಂದರೆ, ಅದೂ ಇಲ್ಲ. ರಾತ್ರಿ ಕಣ್ಣಿಗೆ ಪ್ರಖರ ಬೆಳಕು ಬಿಟ್ಟರೆ ಜಿಂಕೆ ದಿಕ್ಕು ತೋಚದೆ ನಿಂತುಬಿಡುತ್ತದೆ. ತಂತಿಯ ಉರುಳಿಗೆ ಕಾಯುವ ತಾಳ್ಮೆಯೂ ಬೇಡ, ಗಾಳಿಯ ತಿಳಿವೂ ಬೇಡ. ಅದಕ್ಕೆ ಗಬ್ಬದ ಹೆಣ್ಣು, ಎಳೆ ಮರಿ, ಚಿರತೆ ಎಂಬ ಭೇದವೂ ಇಲ್ಲ. ಮರಸು ಕೂರುತ್ತಿದ್ದ ಅಜ್ಜನ ವಿದ್ಯೆಗೂ ಇದಕ್ಕೂ ಸಂಬಂಧವೇ ಇಲ್ಲ.

ಆ ವಿದ್ಯೆ ಎಲ್ಲಿ ಹೋಯಿತು? ಕಾಡು ಕಾಯುವವರ ಕೈಗೆ ಬಂತು. ಕೋವಿ ಇಳಿಸಿ ಕ್ಯಾಮೆರಾ ಎತ್ತಿಕೊಂಡ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಉತ್ತರ ಭಾರತದ ಕಾಡುಗಳಲ್ಲಿ, ಪ್ರಾಣಿಯ ಕಾಲು ತಂತಿಗೆ ತಾಗಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ಹುಲಿಗಳ ಚಿತ್ರ ತೆಗೆದರು. ಅವರ ಪುಸ್ತಕ 1927ರಲ್ಲಿ ಬಂತು. ಯಾವ ದಾರಿಯಲ್ಲಿ ಪ್ರಾಣಿ ಬಂದೀತು ಎಂದು ಬಲ್ಲ ಶಿಕಾರಿಯ ಬುದ್ಧಿಯಿಲ್ಲದೆ ಆ ಕ್ಯಾಮೆರಾವನ್ನು ಸರಿಯಾದ ಜಾಗದಲ್ಲಿ ಇಡಲು ಸಾಧ್ಯವಿರಲಿಲ್ಲ. ಇಂದೂ ಅಷ್ಟೆ. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದಾದ್ಯಂತ ಹುಲಿ ಗಣತಿ ನಡೆಯುತ್ತಿದೆ. ಅದರಲ್ಲಿ ಹುಲಿಯ ಜೊತೆ ಅದರ ಆಹಾರವಾದ ಜಿಂಕೆಗಳ ಲೆಕ್ಕವೂ ಬೇಕು. ನಸುಕಿನಲ್ಲಿ ನೇರ ಗೆರೆಯಂಥ ಸೀಳುದಾರಿಯಲ್ಲಿ ಸದ್ದಿಲ್ಲದೆ ನಡೆದು, ಕಂಡ ಗುಂಪಿನಲ್ಲಿ ಎಷ್ಟಿವೆ, ಎಷ್ಟು ದೂರ, ಯಾವ ದಿಕ್ಕು ಎಂದು ಬರೆದುಕೊಳ್ಳಬೇಕು. ನಮ್ಮ ಸದ್ದಿಗೆ ಜಿಂಕೆ ಮೊದಲೇ ಓಡಿದರೆ ಲೆಕ್ಕವೇ ಸುಳ್ಳಾಗುತ್ತದೆ. ಪೊದೆಯ ನಡುವೆ ಬಚ್ಚಿಟ್ಟ ಉರುಳನ್ನು ಹುಡುಕಿ ಕಿತ್ತುಹಾಕುವುದಕ್ಕೂ ನೆಲ ಓದಬಲ್ಲ ಅದೇ ಕಣ್ಣು ಬೇಕು. ಯಂತ್ರಗಳು ಎಷ್ಟೇ ಬರಲಿ, ಕಾಡು ಉಳಿದಿರುವುದು ಇಂಥ ಕಿವಿ, ಕಣ್ಣು, ಕಾಲುಗಳ ಮೇಲೆ.

ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲೋ ಊರಲ್ಲೋ ಕಾಡು ಬಲ್ಲ ಹಿರಿಯರಿದ್ದರೆ ಅವರ ಪಕ್ಕ ಕೂತು ಕೇಳಿ. ಯಾವ ಮರ ಯಾವಾಗ ಕಾಯಿ ಬಿಡುತ್ತದೆ, ಯಾವ ಕೂಗಿಗೆ ಏನರ್ಥ ಎಂಬುದನ್ನು ಬರೆದಿಡಿ. ಆ ತಲೆಮಾರು ಹೋದರೆ ಆ ತಿಳಿವೂ ಹೋಗುತ್ತದೆ. ಕುಳಗಿಗೆ ಹೋದಾಗ ಇಲಾಖೆಯ ಅನುಮತಿ ಪಡೆದು, ಅಲ್ಲಿಯ ಮಾರ್ಗದರ್ಶಕರ ಜೊತೆಯಲ್ಲೇ ಕಾಡಿಗೆ ಹೋಗಿ. ಮಣ್ಣುಬಣ್ಣದ ಬಟ್ಟೆ ತೊಡಿ, ಸುಗಂಧ ಹಚ್ಚಿಕೊಳ್ಳಬೇಡಿ, ಫೋನಿನ ಬಾಯಿ ಮುಚ್ಚಿಸಿ. ಗಾಡಿ ನಿಲ್ಲಿಸಿದ ಕಡೆ ಹದಿನೈದು ನಿಮಿಷ ಮಾತಿಲ್ಲದೆ ಕೂತು ನೋಡಿ. ಎಲ್ಲಾದರೂ ತಂತಿಯ ಉರುಳು ಕಂಡರೆ ತಕ್ಷಣ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಶಿಕಾರಿಯ ಗೆಲುವನ್ನು ಹಿಂದೆ ಹೊತ್ತು ತಂದ ಭಾರದಲ್ಲಿ ಅಳೆಯುತ್ತಿದ್ದರು. ಈಗಿನ ಅಳತೆ ಬೇರೆ. ನೀವು ಬಂದದ್ದು, ನಿಂತದ್ದು, ನೋಡಿದ್ದು, ಹಿಂದಿರುಗಿದ್ದು ಯಾವುದೂ ತಿಳಿಯದೆ ಜಿಂಕೆ ಅಲ್ಲೇ ಮೇಯುತ್ತಿದ್ದರೆ ಆ ಹಳೆಯ ವಿದ್ಯೆ ನಿಮಗೆ ಒಲಿದಿದೆ ಎಂದು ತಿಳಿಯಿರಿ.