ನಾವು ಕಂಡ ಸಾಗರ, ನಾವು ಕಲಿತ ಲೆಕ್ಕ

(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ದಿನ, ನಮ್ಮ ಬಾಲ್ಯದ ಸಾಗರ ಪೇಟೆಯ ಬಗ್ಗೆ ನಾಲ್ಕು ಮಾತಾಡಿ ಅಂತ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ‘ನಾವು’ ಅಂದರೆ 1960-70ರ ದಶಕಗಳಲ್ಲಿ ಹಳ್ಳಿಯಿಂದ ಸಾಗರದ ಶಾಲೆಗೆ ಹೋದವರೆಲ್ಲ. ಅಂಥವರು ಈ ಸಭೆಯಲ್ಲೇ ಬೇಕಾದಷ್ಟು ಜನ ಇದ್ದೀರಿ.

ಊರಿಗೆ ಹೆಸರು ಬಂದದ್ದೇ ಕೆರೆಯಿಂದ. ಕೆಳದಿಯ ಸದಾಶಿವನಾಯಕನ ಹೆಸರಿನ ಸದಾಶಿವಸಾಗರವೇ ನಮ್ಮ ಬಾಯಲ್ಲಿ ಗಣಪತಿ ಕೆರೆ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಪುಸ್ತಕ ಎದೆಗೆ ಅವುಚಿಕೊಂಡು ಆ ಕಡೆಯಿಂದ ನಡೆಯುತ್ತಿದ್ದೆವು. ಗುಡಿಗಾರರ ಮನೆ ಮುಂದೆ ಬಂದರೆ ಶ್ರೀಗಂಧದ ಪರಿಮಳ. ಉಳಿ ಆಡುವುದನ್ನು ನೋಡುತ್ತ ನಿಂತು ಶಾಲೆಗೆ ತಡವಾಗಿ ಪೆಟ್ಟು ತಿಂದವರೂ ಉಂಟು. ಮೀಟರ್ ಗೇಜ್ ಹಳಿ ಮೇಲೆ ತಾಳಗುಪ್ಪಕ್ಕೆ ಹೋಗುವ ರೈಲು ಕೂಗಿದರೆ ಅದೇ ನಮಗೆ ಗಡಿಯಾರ. ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ‘ಎರಡು ಜಾತ್ರೆ ಹಿಂದೆ ಹುಟ್ಟಿದವ’ ಅಂತ ವಯಸ್ಸಿನ ಲೆಕ್ಕ ಹಾಕುತ್ತಿದ್ದರು. ಹೆಗ್ಗೋಡಿನಲ್ಲಿ 1949ರಲ್ಲೇ ಹುಟ್ಟಿದ್ದ ನೀನಾಸಂ ನಾಟಕಕ್ಕೆ ಗ್ಯಾಸ್‌ಲೈಟು, ಬ್ಯಾಟರಿ ಹಿಡಿದು ಹೋಗಿ ಬೆಳಗಿನ ಜಾವ ಮನೆ ಸೇರಿದ ರಾತ್ರಿಗಳು ಎಷ್ಟೋ.

ಪೇಟೆಯ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತಿತ್ತು. ನೋಟ್‌ಬುಕ್ಕು, ಬೆಲ್ಲ, ಸೀಮೆಎಣ್ಣೆ ಎಲ್ಲ ಅದರಲ್ಲೇ. ಅಡಿಕೆ ಮಾರಿದ ಮೇಲೆ ತೀರುವಳಿ. ಸಹಿ ಇಲ್ಲ, ಸಾಕ್ಷಿ ಇಲ್ಲ. ‘ಅವರ ಮನೆ ಹುಡುಗ’ ಅಂದರೆ ಸಾಕು. ಆದರೆ ಎಲ್ಲವೂ ಚೆಂದವಿತ್ತು ಅಂತ ಹೇಳಿದರೆ ಸುಳ್ಳಾದೀತು. ಮುಂಗಡ ಕೊಟ್ಟವರು ಹೇಳಿದ್ದೇ ಅಡಿಕೆಗೆ ದರ. ಇನ್ನು ಗೇಣಿಯ ಕೊಳಗದ ಕಥೆ ಹಿರಿಯರಿಗೆ ಗೊತ್ತೇ ಇದೆ. ಆ ಅಳತೆಯ ಅನ್ಯಾಯದ ಸುತ್ತಲೇ 1951ರಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು, ಡಾ. ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಸರಿಯಾದ ಅಳತೆ, ಸರಿಯಾದ ಲೆಕ್ಕ ಬೇಕು ಅನ್ನುವ ಆಸೆಯೇ ಅಲ್ಲವೇ ಸಹಕಾರ? 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದೂ ರೈತ ಸಾಲದ ಕುಣಿಕೆಯಿಂದ ತಪ್ಪಿಸಿಕೊಳ್ಳಲಿ ಅಂತಲೇ.

ಇನ್ನೊಂದು ನೆನಪು ಇದೆ, ಅದನ್ನು ಇವತ್ತು ಹೇಳಲೇಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿನ್ನೀರಿನಲ್ಲಿ ಊರು, ಗದ್ದೆ, ತೋಟ, ದೇವಸ್ಥಾನ ಮುಳುಗಿದವು. ಆ ಮುಳುಗಡೆ ಮನೆಗಳ ಮಕ್ಕಳು ನಮ್ಮ ಪಕ್ಕದ ಮಣೆಯಲ್ಲಿ ಕೂತರು. ಬೇಸಿಗೆಯಲ್ಲಿ ನೀರು ಇಳಿದಾಗ ‘ನಮ್ಮನೆ ಅಲ್ಲಿತ್ತು’ ಅಂತ ಬೆರಳು ತೋರಿಸುತ್ತಿದ್ದರು. ನಾಡಿನ ಮನೆಗಳಿಗೆಲ್ಲ ಕರೆಂಟು ಹೋಯಿತು. ಅವರಲ್ಲಿ ಅನೇಕರ ಮನೆಗಳಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಾಗ ನಮಗೆಲ್ಲ ಸಂತೋಷವಾಯಿತು. ಲಾಂಚು ಕಾಯುತ್ತ ಹಗಲು ಕಳೆದ ಆ ಗೆಳೆಯರ ನೆನಪೂ ಬಂತು.

ಈಗ ಆ ಗೆಳೆಯರ ಮಕ್ಕಳು, ಮೊಮ್ಮಕ್ಕಳು ಬಂದು ಬೆಳೆಸಾಲ ಕೇಳಿದರೆ ನಾವು ಪಹಣಿ ಕೇಳುತ್ತೇವೆ. ಅರವತ್ತು ವರ್ಷ ದಾಟಿದರೂ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರವೇ ಪಕ್ಕಾ ಆಗಿಲ್ಲ. ಪಹಣಿ ಇಲ್ಲ, ಆದ್ದರಿಂದ ಸಾಲ ಇಲ್ಲ. ಹಾಗಾಗಿ ಸಕಾಲಕ್ಕೆ ಕಟ್ಟಿದವರಿಗೆ ಸಿಗುವ ಸರ್ಕಾರದ ಶೂನ್ಯ ಬಡ್ಡಿಯೂ ಇಲ್ಲ. ಅವರು ಹೋಗುವುದು ಮತ್ತೆ ಕೈಗಡಕ್ಕೆ, ಹೆಚ್ಚು ಬಡ್ಡಿಗೆ.

ಕಾನೂನು ಮೀರಿ ಸಾಲ ಕೊಡಿ ಅಂತ ನಾವು ಹೇಳುವುದಿಲ್ಲ. ಸಂಘದ ದುಡ್ಡು ಸದಸ್ಯರ ದುಡ್ಡು. ಆದರೆ ಅಂಥ ಮನೆಗಳ ಹೆಂಗಸರ ಸ್ವಸಹಾಯ ಗುಂಪುಗಳಿಗೆ, ಜಾಮೀನಿನ ಮೇಲೆ ಕೊಡುವ ಸಣ್ಣ ಸಾಲಕ್ಕೆ ಬೈಲಾದಲ್ಲಿ ಎಷ್ಟು ಜಾಗವಿದೆ ಅಂತ ಆಡಳಿತ ಮಂಡಳಿ ನೋಡಲಿ. ಹಕ್ಕುಪತ್ರದ ಅರ್ಜಿಗೆ ಕಾಗದ ಜೋಡಿಸಿಕೊಡಲು ಓದಿದ ಹುಡುಗರು ವಾರಕ್ಕೊಂದು ದಿನ ಸಂಘದ ಜಗಲಿಯಲ್ಲಿ ಕೂರಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದೊಂದು ವಿಷಯವಾಗಿ ಬರಲಿ ಅಂತ ನಮ್ಮ ವಿನಂತಿ.

ಹೆಸರು ಕೇಳಿ ಉದ್ರಿ ಕೊಟ್ಟ ಪೇಟೆಯಲ್ಲಿ ಬೆಳೆದವರು ನಾವು. ಆ ನಂಬಿಕೆಯ ಜೊತೆಗೆ ಸರಿಯಾದ ಅಳತೆಯನ್ನೂ ಸೇರಿಸಿದ್ದು ನಮ್ಮ ಸಂಘ. ಸಾಲ ಪಡೆದವರು ಗಡುವಿಗೆ ಮುಂಚೆ ಕಟ್ಟಿದರೆ ಹೊರಗೆ ನಿಂತವರಿಗೂ ಒಂದು ಪಾಲು ಮಿಗುತ್ತದೆ. ಸಂಘ ಸುವರ್ಣ ಮಹೋತ್ಸವ ಕಾಣಲಿ, ಅಷ್ಟರೊಳಗೆ ಆ ಮನೆಗಳ ಹೆಸರೂ ಸದಸ್ಯರ ಪಟ್ಟಿ ಸೇರಲಿ ಅಂತ ಹಾರೈಸಿ ಮಾತು ಮುಗಿಸುತ್ತೇವೆ.