ನೀರುಗಂಟಿಯ ನ್ಯಾಯ

ನಾನು ಹುಟ್ಟಿದುದು ಕೋಲಾರ ಸೀಮೆಯ ಒಂದು ಹಳ್ಳಿಯಲ್ಲಿ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಆ ಸೀಮೆಯಲ್ಲಿ ಊರಿಗೆ ಕೆರೆಯೇ ಆಧಾರ. ನಮ್ಮ ಗದ್ದೆಯಿದ್ದುದು ಅಚ್ಚುಕಟ್ಟಿನ ಕಟ್ಟಕಡೆಯಲ್ಲಿ. ತೂಬಿನಿಂದ ಹೊರಟ ನೀರು ಊರವರೆಲ್ಲರ ಬದುಗಳನ್ನು ದಾಟಿ ನಮ್ಮಲ್ಲಿಗೆ ಬರಬೇಕು. ಆದರೂ ತಂದೆಯವರು ರಾತ್ರಿ ಕಾವಲಿಗೆ ಹೋದುದನ್ನು ನಾನು ಕಾಣೆ. “ನೀರುಗಂಟಿ ಇದ್ದಾನಲ್ಲ, ನಮಗೇಕೆ ಚಿಂತೆ?” ಎನ್ನುತ್ತಿದ್ದರು.

ತೂಬು ತೆರೆಯುವವನೂ ಮುಚ್ಚುವವನೂ ನೀರುಗಂಟಿಯೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಆತನಿಗೆ ಬಾಯಿಪಾಠ. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಆತನಿಗೆ ಧಾನ್ಯ ಸಲ್ಲುತ್ತಿತ್ತು. ಎಲ್ಲರ ಅನ್ನ ಉಂಡವನು ಒಬ್ಬನ ಪಕ್ಷ ವಹಿಸುವಂತಿರಲಿಲ್ಲ. ಕೆರೆ ಅರೆ ತುಂಬಿದ ವರ್ಷ ಊರವರು ಏರಿಯ ಮೇಲೆ ಕುಳಿತು ಭತ್ತ ಎಷ್ಟು ನೆಲಕ್ಕೆ, ರಾಗಿ ಎಷ್ಟಕ್ಕೆ ಎಂದು ಮೊದಲೇ ತೀರ್ಮಾನಿಸುತ್ತಿದ್ದರು. ಬೇಸಗೆಯಲ್ಲಿ ಕೆರೆಯ ಹೂಳು ಗಾಡಿಗಳಲ್ಲಿ ಹೊಲ ಸೇರುತ್ತಿತ್ತು. ತನ್ನ ಹೊಲಕ್ಕೆ ಗೊಬ್ಬರ, ಊರ ಕೆರೆಗೆ ಆಳ.

ಇದರಿಂದ ರೈತನ ಸ್ವಾತಂತ್ರ್ಯಕ್ಕೆ ಕುಂದಾಗಲಿಲ್ಲವೇ ಎಂದು ತಾವು ಕೇಳಬಹುದು. ಬೀಜ, ಉಳುಮೆ, ಗೊಬ್ಬರ ಎಲ್ಲವೂ ಅವನವನ ಇಚ್ಛೆ. ನೀರಿನ ವಿಷಯದಲ್ಲಿ ಕಟ್ಟುಪಾಡಿಗೆ ಒಳಗಾದುದರಿಂದಲೇ ತನ್ನ ಬದುವಿನೊಳಗೆ ಆತ ಸ್ವತಂತ್ರನಾಗಿದ್ದ.

ಹಳೆಯದನ್ನೆಲ್ಲ ಹೊಗಳುವ ವಯಸ್ಸು ನನ್ನದು, ಎಚ್ಚರದಿಂದ ಮಾತನಾಡಬೇಕು. ಊರಿನ ಗದ್ದೆಗೆಲ್ಲ ನೀರುಣಿಸುತ್ತಿದ್ದ ಆ ದಲಿತ ಹಿರಿಯ ಊರಬಾವಿಯಿಂದ ಒಂದು ಬಿಂದಿಗೆ ನೀರು ಸೇದುವಂತಿರಲಿಲ್ಲ. ‘ಕೆರೆಗೆ ಹಾರ’ದಲ್ಲಿ ಊರ ಕೆರೆಗೆ ಬಲಿಯಾದವಳೂ ಸೊಸೆ ಭಾಗೀರಥಿಯೇ ಹೊರತು ಗೌಡನಲ್ಲ. ಸಹಕಾರದ ಭಾರ ದುರ್ಬಲರ ಹೆಗಲಿಗೇ ಬೀಳುವುದುಂಟು.

1984ರಲ್ಲಿ ನಮ್ಮ ಹೊಲದಲ್ಲಿ ಕೊಳವೆಬಾವಿ ಕೊರೆಸಿದೆವು. ಆಗತಾನೆ ಅಧ್ಯಾಪಕನಾಗಿದ್ದ ನಾನೇ ಹಣ ಕೊಟ್ಟೆ. “ಇನ್ನು ಯಾರ ಹಂಗೂ ಇಲ್ಲ” ಎಂದು ತಂದೆಯವರು ಹಿಗ್ಗಿದರು. ಎರಡು ಬೇಸಗೆ ಕಳೆಯುವುದರೊಳಗೆ ಪಕ್ಕದವರ ತೆರೆದ ಬಾವಿ ಬತ್ತಿತು. ಅವರು ನಮಗಿಂತ ಆಳಕ್ಕೆ ಕೊರೆಸಿದರು, ನಮ್ಮದು ಬತ್ತಿತು. ನೆಲದ ಮೇಲೆ ಬದುಗಳುಂಟು, ನೆಲದ ಅಡಿಯಲ್ಲಿಲ್ಲ. ಓದಿದವನಾದ ನನಗೂ ಇದು ಆಗ ಹೊಳೆಯಲಿಲ್ಲ. ಈಗ ಆ ಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಕ್ಕದ ಕಡೆಗಳಿವೆ. ಎಲ್ಲರೂ ಬೇರೆಬೇರೆಯಾಗಿ ಸ್ವತಂತ್ರರಾದೆವು. ಎಲ್ಲರೂ ಒಟ್ಟಾಗಿ ಬರಿಗೈಯಾದೆವು.

ಸಾಮಾನ್ಯ ಸಂಪತ್ತನ್ನು ಬಳಸುವವರೇ ತಮ್ಮ ನಿಯಮಗಳನ್ನು ಮಾಡಿಕೊಂಡು ಅದನ್ನು ದೀರ್ಘಕಾಲ ಉಳಿಸಿಕೊಳ್ಳಬಲ್ಲರೆಂದು ಎಲಿನರ್ ಆಸ್ಟ್ರಾಮ್ 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ನಮ್ಮ ನೀರುಗಂಟಿಗೆ ಈ ತತ್ತ್ವ ಅನುಭವದಿಂದ ಗೊತ್ತಿತ್ತು.

ಜಾತಿಯಿಂದ ಬಂದ ಆತನ ಕೆಲಸ ಮರಳುವುದು ಬೇಡ. ಆತನ ನ್ಯಾಯ ಮರಳಲಿ. ಬಿತ್ತನೆಗೆ ಮುನ್ನ ಊರವರು ಮತ್ತೆ ಏರಿಯ ಮೇಲೆ ಸೇರಿ, ಕೆರೆಯ ನೀರನ್ನಷ್ಟೇ ಅಲ್ಲ, ಕೊಳವೆಬಾವಿಗಳ ನೀರನ್ನೂ ಲೆಕ್ಕ ಹಾಕಲಿ. ಆ ಕೂಟದಲ್ಲಿ ಹೆಂಗಸರೂ ಇರಲಿ, ಭೂಮಿಯಿಲ್ಲದವರೂ ಇರಲಿ. ಮೊದಲ ಮಾತು ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಯವನದಾಗಲಿ. ನೀರು ಅವನನ್ನು ಮುಟ್ಟಿತೆಂದರೆ ಊರನ್ನೆಲ್ಲ ಮುಟ್ಟಿದಂತೆಯೇ.