ಪಾಚಿ ಮತ್ತು ಅದರ ಸಂಗಡಿಗರು
(ಬಲಸಮುದ್ರದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)

 

ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಆದರೂ ಇಂದು ವಿಜ್ಞಾನದ ಒಂದು ಸಂಗತಿ ಹೇಳಬೇಕೆಂದಿದ್ದೇನೆ. ಕೆರೆ ನೀರಿನ ಹಸಿರನ್ನು ಉರ್ದುವಿನಲ್ಲಿ ‘ಕಾಯಿ’ ಎನ್ನುತ್ತೇವೆ, ಕನ್ನಡದಲ್ಲಿ ‘ಪಾಚಿ’. ಎರಡು ಭಾಷೆಯವರಿಗೂ ಅದು ಕಾಲು ಜಾರಿಸುವ ವಸ್ತು. ಆದರೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ 1970ರ ದಶಕದಿಂದಲೇ ಪಾಚಿಯನ್ನು ಆಹಾರವಾಗಿ ಬೆಳೆಸುವ ಸಂಶೋಧನೆ ನಡೆಯಿತು. ಅಲ್ಲಿ ಬೆಳೆಸಿದ ಸ್ಪಿರುಲಿನಾದ ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ.

ಪಾಚಿಗೆ ಬಿಸಿಲು, ನೀರು, ಗೊಬ್ಬರ ಸಾಕೆಂದು ಬಹುಕಾಲ ತಿಳಿದಿದ್ದರು. ಕೇಂಬ್ರಿಡ್ಜ್ ವಿಜ್ಞಾನಿಗಳು 2005ರಲ್ಲಿ 326 ಜಾತಿಯ ಪಾಚಿಗಳ ಮಾಹಿತಿ ಪರಿಶೀಲಿಸಿದಾಗ 171 ಜಾತಿಗಳಿಗೆ ಬಿ-12 ವಿಟಮಿನ್ ಹೊರಗಿನಿಂದ ಬೇಕೆಂದು ಕಂಡುಬಂತು. ಅದನ್ನು ತಯಾರಿಸುವವು ಬ್ಯಾಕ್ಟೀರಿಯಾಗಳು. ಪಾಚಿ ತಾನು ತಯಾರಿಸಿದ ಸಕ್ಕರೆಯಂಥ ಆಹಾರವನ್ನು ನೀರಿಗೆ ಬಿಡುತ್ತದೆ, ಬ್ಯಾಕ್ಟೀರಿಯಾ ಅದನ್ನುಂಡು ವಿಟಮಿನ್ ಕೊಡುತ್ತದೆ. ಚರಂಡಿ ನೀರು ಶುದ್ಧ ಮಾಡುವ ಹೊಂಡಗಳಲ್ಲೂ ಇದೇ ಕೊಡುಕೊಳ್ಳುವಿಕೆ: ಪಾಚಿ ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾ ಕೊಳೆಯನ್ನು ಕರಗಿಸಿ ಇಂಗಾಲದ ಡೈಆಕ್ಸೈಡ್ ಹಿಂದಿರುಗಿಸುತ್ತದೆ.

ನಮ್ಮ ರೈತ ಬಂಧುಗಳಿಗೆ ಇದು ಹೊಸತಲ್ಲ. ಪಾವಗಡ, ಶಿರಾ ಕಡೆ ಕಡಲೆಕಾಯಿ ಗಿಡ ಕಿತ್ತರೆ ಬೇರಿನಲ್ಲಿ ಗಂಟುಗಳು ಕಾಣುತ್ತವೆ. ಅವು ರೈಜೋಬಿಯಂ ಬ್ಯಾಕ್ಟೀರಿಯಾದ ಮನೆಗಳು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ರಾಗಿ ಬೀಜಕ್ಕೆ ಹಚ್ಚುವ ಅಜೋಸ್ಪಿರಿಲಂ ಕೂಡ ಬ್ಯಾಕ್ಟೀರಿಯಾವೇ. ಅದನ್ನೇ ಮೆಕ್ಸಿಕೋದ ವಿಜ್ಞಾನಿಗಳು ಕ್ಲೋರೆಲ್ಲಾ ಪಾಚಿಯೊಂದಿಗೆ ಸಣ್ಣ ಅಂಟಿನ ಮಣಿಗಳಲ್ಲಿ ಸೇರಿಸಿ ಬೆಳೆಸಿದರು. ಒಂಟಿಯಾಗಿದ್ದ ಪಾಚಿಗಿಂತ ಜೊತೆಯಲ್ಲಿದ್ದದ್ದು ಚೆನ್ನಾಗಿ ಬೆಳೆಯಿತೆಂದು 2000ದಲ್ಲಿ ಪ್ರಕಟಿಸಿದರು. ರಾಗಿಯ ಬೇರು ಬೆಳೆಸುವ ಗೆಳೆಯ ಪಾಚಿಗೂ ಗೆಳೆಯನಾದ!

ಆದರೆ ಎಲ್ಲ ಬ್ಯಾಕ್ಟೀರಿಯಾಗಳೂ ಗೆಳೆಯರಲ್ಲ. ಕೆಲವು ಪಾಚಿಯನ್ನೇ ಕೊಲ್ಲುತ್ತವೆ. ಗಾಜಿನ ಸೀಸೆಯಲ್ಲಿ ಗೆದ್ದದ್ದು ತೆರೆದ ತೊಟ್ಟಿಯಲ್ಲಿ ಸೋಲಬಹುದು. ಕೆರೆಯ ಕೆಲವು ನೀಲಿ-ಹಸಿರು ಪಾಚಿಗಳು ವಿಷಕಾರಿ, ಅಂಥ ನೀರು ಕುಡಿದು ದನಕರುಗಳು ಸಾಯುವುದುಂಟು. ಆದ್ದರಿಂದ ‘ತೊಟ್ಟಿ ಕಟ್ಟಿಸಿ, ಪಾಚಿ ಬೆಳೆಯಿರಿ, ನಾವೇ ಕೊಳ್ಳುತ್ತೇವೆ’ ಎಂದು ಯಾರಾದರೂ ಬಂದರೆ, ಬೋರ್‌ವೆಲ್ ಸಾಲದಲ್ಲೇ ಇರುವ ನಮ್ಮವರು ಒಡವೆ ಅಡವಿಡುವ ಮೊದಲು ಕೇಳಬೇಕು: ಯಾವ ಪಾಚಿ? ಪರೀಕ್ಷೆ ಮಾಡಿದವರು ಯಾರು? ಕೊಳ್ಳುವ ಕರಾರು ಬರಹದಲ್ಲಿದೆಯೇ?

ಈ ಪ್ರಶ್ನೆ ಕೇಳಲು ಮನೆಯಲ್ಲಿ ಒಬ್ಬರಾದರೂ ವಿಜ್ಞಾನ ಓದಿದವರಿರಬೇಕು. ಎಸ್ಸೆಸ್ಸೆಲ್ಸಿ ಪಾಸಾದ ನಮ್ಮ ಎಷ್ಟೋ ಹೆಣ್ಣುಮಕ್ಕಳು ‘ಸೈನ್ಸ್ ಕಷ್ಟ, ಕಾಲೇಜು ದೂರ’ ಎಂದು ಮನೆಯಲ್ಲೇ ಉಳಿಯುತ್ತಾರೆ. ತಾಯಂದಿರೇ, ಅವರನ್ನು ಕಳುಹಿಸಿಕೊಡಿ. ಸಂಸ್ಥೆಯ ಹಿರಿಯರಲ್ಲಿ ನನ್ನ ಬೇಡಿಕೆ ಒಂದೇ: ಈ ವರ್ಷ ಬಹುಮಾನದ ಬಟ್ಟಲುಗಳ ಬದಲು ಶಾಲೆಗೊಂದು ಒಳ್ಳೆಯ ಖುರ್ದ್‌ಬೀನ್, ಅಂದರೆ ಸೂಕ್ಷ್ಮದರ್ಶಕ, ಕೊಡಿಸಿ. ಒಂದು ಹನಿ ಕೆರೆ ನೀರಿನಲ್ಲಿ ಎಷ್ಟು ಜೀವಗಳು ಒಂದನ್ನೊಂದು ಆಸರೆ ಮಾಡಿಕೊಂಡಿವೆಯೆಂದು ಮಕ್ಕಳು ತಮ್ಮ ಕಣ್ಣಿನಿಂದಲೇ ನೋಡಲಿ.